ಮುಖ ನೋಡಿ ಮಣೆ ಹಾಕದಿರಲು: ಕೋಲಾರದ ಒಂದು ಕ್ರೈಸ್ತ ಸಭೆಯಲ್ಲಿ ನಾವು ಮಾಡಿಕೊಂಡ ಏರ್ಪಾಡು

ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಓದುವಾಗ ನಮ್ಮ ಗಮನವೆಲ್ಲ ಚಿನ್ನದ ಉಂಗುರ ಹಾಕಿಕೊಂಡು ಬಂದವನ ಮೇಲೆ, ಕೊಳಕು ಬಟ್ಟೆಯ ಬಡವನ ಮೇಲೆ ಇರುತ್ತದೆ. ಅಲ್ಲಿ ಬೈಸಿಕೊಳ್ಳುವವನು ಮೂರನೆಯವನು. ಒಬ್ಬನಿಗೆ ಒಳ್ಳೆಯ ಜಾಗ ತೋರಿಸಿ, ಇನ್ನೊಬ್ಬನಿಗೆ ‘ಅಲ್ಲೇ ನಿಂತ್ಕೋ, ಇಲ್ಲಾ ನನ್ನ ಕಾಲ್ಮಣೆ ಹತ್ರ ಕೂತ್ಕೋ’ ಎಂದವನು. ಅಂದರೆ ಸಭೆಯಲ್ಲಿ ಜವಾಬ್ದಾರಿ ಹೊತ್ತ ಹಿರಿಯರು, ಕಾರ್ಯದರ್ಶಿ, ಬಾಗಿಲಲ್ಲಿ ನಿಲ್ಲುವವರು. ಪಕ್ಷಪಾತಕ್ಕೆ ಗ್ರೀಕ್ ಮೂಲದಲ್ಲಿರುವ ಪದ ‘ಪ್ರೊಸೋಪೊಲೆಂಪ್ಸಿಯ’. ಮುಖವನ್ನು ಎತ್ತಿಹಿಡಿಯುವುದು ಎಂಬ ಹೀಬ್ರೂ ನುಡಿಗಟ್ಟಿನಿಂದ ಬಂದದ್ದು. ನಮ್ಮ ಕನ್ನಡದಲ್ಲಿ ಅದಕ್ಕೆ ಮಾತು ಸಿದ್ಧವಾಗಿಯೇ ಇದೆ: ಮುಖ ನೋಡಿ ಮಣೆ ಹಾಕುವುದು.

ಈ ವಾಕ್ಯದ ಮೇಲೆ ಎಷ್ಟು ಪ್ರಸಂಗ ಮಾಡಿದರೂ ಏನೂ ಬದಲಾಗುವುದಿಲ್ಲ ಎಂಬುದನ್ನು ನಾವು ಕಂಡುಕೊಂಡಿದ್ದೇವೆ. ಕೇಳುವ ಪ್ರತಿಯೊಬ್ಬರಿಗೂ ತಮ್ಮ ಮನಸ್ಸು ಚೊಕ್ಕಟವಾಗಿದೆ ಎಂಬ ನಂಬಿಕೆ ಇರುತ್ತದೆ. ಹಾಗಾಗಿ ಮನಸ್ಸಿನ ವಿಚಾರ ದೇವರಿಗೆ ಬಿಟ್ಟು, ನಾವು ಬೆಂಚು, ಕಾಣಿಕೆ ಚೀಲ, ಊಟದ ಎಲೆ, ಭೇಟಿ ಪುಸ್ತಕ ಇವನ್ನು ಹಿಡಿದುಕೊಂಡೆವು. ನಮ್ಮದು ಕೋಲಾರದ ಮಾಮೂಲಿ ಸಭೆ. ನಿವೃತ್ತ ಮೇಷ್ಟ್ರುಗಳು, ನರ್ಸುಗಳು, ಬ್ಯಾಂಕಿನವರು, ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವವರು, ಇಟ್ಟಿಗೆ ಗೂಡಿನ ಕೂಲಿಯವರು, ನರಸಾಪುರದ ಫ್ಯಾಕ್ಟರಿಗೆ ಹೋಗುವ ಹುಡುಗರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಇತ್ತ ಬಂದ ಮನೆಗಳು, ಎಲ್ಲರೂ ಒಂದೇ ಸೂರಿನ ಕೆಳಗೆ.

ಮೊದಲ ಕೆಲಸ ನೋಡುವುದು. ಎಂಟು ಭಾನುವಾರ ಇಬ್ಬರು ಒಂದು ನೋಟುಬುಕ್ ಹಿಡಿದು ಮೂರೇ ಸಂಗತಿ ಬರೆದುಕೊಂಡರು: ಬಂದವರನ್ನು ಯಾರಾದರೂ ಎದ್ದು ಮಾತಾಡಿಸಿದರೇ, ಜಾಗದವರೆಗೆ ಕರೆದುಕೊಂಡು ಹೋದರೇ, ಆರಾಧನೆ ಮುಗಿದ ಮೇಲೆ ಯಾರಾದರೂ ಬಂದು ಕೈ ಕೊಟ್ಟರೇ. ಹೆಸರು ಬರೆಯಬಾರದು, ಬರೆದರೆ ಅದು ಚಾಡಿ ಪುಸ್ತಕವಾಗುತ್ತದೆ. ಕಾರಿನಲ್ಲಿ ಬಂದವರು, ಬೈಕಿನಲ್ಲಿ ಬಂದವರು, ನಡೆದು ಬಂದವರು ಎಂದು ಮೂರು ಕಾಲಂ ಸಾಕು. ಜೊತೆಗೆ ಅಯ್ಯನವರ, ಅಂದರೆ ಸಭಾಪಾಲಕರ, ಮನೆಭೇಟಿ ಪುಸ್ತಕದ ಹಿಂದಿನ ಒಂದು ವರ್ಷದ ಪುಟಗಳನ್ನು ಬೀದಿವಾರು ವಿಂಗಡಿಸಬೇಕು. ಇವೆರಡನ್ನೂ ಕಮಿಟಿಯ ಮುಂದೆ ಇಟ್ಟ ದಿನ ವಾದ ಮಾಡಲು ಯಾರಿಗೂ ಬಾಯಿ ಬರಲಿಲ್ಲ.

ಆಮೇಲೆ ಬೆಂಚಿನ ವಿಷಯ. ಮುಂದಿನ ಸಾಲಿನಲ್ಲಿ ಕುಶನ್ ಹಾಕಿದ ಕುರ್ಚಿಗಳಿದ್ದವು, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಬಂದಾಗ ಹಾಕಿದ್ದು ಅಲ್ಲೇ ಉಳಿದುಬಿಟ್ಟಿದ್ದವು. ಅವನ್ನು ತೆಗೆದೆವು. ಇಷ್ಟರಲ್ಲೇ ಕೆಲಸ ಮುಗಿಯಿತು ಎಂದುಕೊಂಡರೆ ತಪ್ಪು. ಕುರ್ಚಿ ತೆಗೆದರೂ ಕೂಲಿಯವರು ಹೋಗಿ ಕೂರುವುದು ಕೊನೆಯ ಬೆಂಚಿನಲ್ಲೇ. ತಲೆಮಾರುಗಳಿಂದ ಕೇರಿ ಅವರಿಗೆ ಕಲಿಸಿರುವುದು ಅದನ್ನೇ. ಅವರ ಕೈ ಹಿಡಿದು ಮುಂದೆ ಎಳೆದುತಂದರೆ ಇಡೀ ಸಭೆ ತಿರುಗಿ ನೋಡುತ್ತದೆ, ಅದು ಇನ್ನೂ ದೊಡ್ಡ ಅವಮಾನ. ಮುಂದಿನ ವಾರ ಅವರು ಬರುವುದೇ ಇಲ್ಲ. ಹೀಗೆ ಎರಡು ಮನೆಯವರನ್ನು ಕಳೆದುಕೊಂಡ ಮೇಲೆ ಬೇರೆ ದಾರಿ ಹಿಡಿದೆವು: ಹಿಂದಿನ ನಾಲ್ಕು ಸಾಲು ಬೆಂಚುಗಳನ್ನು ಗೋಡೆಗೆ ಒರಗಿಸಿ ಇಡುವುದು, ಮುಂದಿನದು ತುಂಬಿದ ಮೇಲೆ ಒಂದೊಂದೇ ಸಾಲು ಹಾಕುವುದು. ಆಗ ಬಂದವರು ಬಂದ ಹಾಗೆ ಕೂರುತ್ತಾರೆ, ಯಾರನ್ನೂ ಎಬ್ಬಿಸುವ ಪ್ರಮೇಯ ಬರುವುದಿಲ್ಲ. ತಡವಾಗಿ ಬಂದವರು ಹಿಂದೆ. ಅವರು ಡಾಕ್ಟರಾದರೂ ಸರಿ. ಫ್ಯಾನಿನ ಕೆಳಗಿನ ಎರಡು ಬೆಂಚು ಮಾತ್ರ ವಯಸ್ಸಾದವರಿಗೆ, ಬಸುರಿಯರಿಗೆ, ಮಂಡಿನೋವಿನವರಿಗೆ. ಅಗತ್ಯ ನೋಡಿ ಜಾಗ ಬಿಡುವುದು ಬೇರೆ, ಅಂತಸ್ತು ನೋಡಿ ಬಿಡುವುದು ಬೇರೆ.

3ನೇ ಶತಮಾನದಲ್ಲಿ ಸಿರಿಯಾ ಕಡೆ ಬರೆದ ‘ಡಿಡಸ್ಕಾಲಿಯ’ ಎಂಬ ಸಭಾ ನಿಯಮಗಳ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಬಡವರೋ ಮುದುಕರೋ ಬಂದಾಗ ಜಾಗ ಇಲ್ಲದಿದ್ದರೆ ಬಿಷಪ್ಪನೇ ಅವರಿಗೆ ಜಾಗ ಮಾಡಿಕೊಡಬೇಕು, ತಾನು ನೆಲದ ಮೇಲೆ ಕೂರಬೇಕಾಗಿ ಬಂದರೂ ಸರಿ ಎನ್ನುತ್ತದೆ. ನಮ್ಮ ಹಿರಿಯರು ಕೊನೆಯ ಸಾಲಿಗೆ ಹೋಗಿ ಕೂರುವ ರೂಢಿ ಮಾಡಿಕೊಂಡದ್ದು ಇದನ್ನು ಓದಿದ ಮೇಲೆ.

ಬಾಗಿಲಲ್ಲಿ ನಿಲ್ಲುವವರಿಗೆ ನಾವು ಕಲಿಸಿದ್ದು ಒಂದೇ ಪಾಠ, ಬಹುವಚನ. ನನ್ನ ಮಟ್ಟಿಗೆ ಇಡೀ ಏರ್ಪಾಡಿನಲ್ಲಿ ಇದೇ ಮುಖ್ಯವಾದದ್ದು. ಕನ್ನಡದಲ್ಲಿ ಪಕ್ಷಪಾತ ಮಾಡಲು ಕುರ್ಚಿ ಬೇಕಾಗಿಲ್ಲ, ಕ್ರಿಯಾಪದವೊಂದೇ ಸಾಕು. ಸೀರೆಯ ಅಂಚು ನೋಡಿ ‘ಬನ್ನಿ ಮೇಡಂ, ಇತ್ಲಾಗೆ ಬನ್ನಿ’ ಅನ್ನುವ ಬಾಯಿ, ಪೌರಕಾರ್ಮಿಕರ ಮನೆಯ ಹೆಂಗಸು ಬಂದಾಗ ‘ಬಾರಮ್ಮ, ಹೋಗು ಒಳಗೆ’ ಅನ್ನುತ್ತದೆ. ಅಂದವರಿಗೆ ತಾವು ಅಂದದ್ದು ಗೊತ್ತೇ ಆಗಿರುವುದಿಲ್ಲ, ಪ್ರೀತಿಯಿಂದಲೇ ಅಂದೆ ಎನ್ನುತ್ತಾರೆ. ಹಾಗಾದರೆ ಆ ಪ್ರೀತಿಯ ಏಕವಚನವನ್ನು ತಹಸೀಲ್ದಾರರಿಗೂ ಬಳಸುತ್ತೀರಾ ಎಂದು ಕೇಳಿಕೊಂಡರೆ ಸಾಕು. ಹದಿನೈದು ವರ್ಷ ದಾಟಿದ ಎಲ್ಲರಿಗೂ ‘ನೀವು’, ‘ಬನ್ನಿ’, ‘ಕೂತ್ಕೊಳ್ಳಿ’. ಅಭ್ಯಾಸವಾಗಲು ಆರು ತಿಂಗಳು ಬೇಕು. ನಡುವೆ ತಪ್ಪಿದಾಗ ಪಕ್ಕದವರು ಆಮೇಲೆ ಮೆಲ್ಲಗೆ ಹೇಳಬೇಕು, ಎಲ್ಲರೆದುರು ತಿದ್ದಬಾರದು.

ಕಾಣಿಕೆಗೆ ಹಿತ್ತಾಳೆ ತಟ್ಟೆ ಬಿಟ್ಟು ಬಾಯಿ ಕಿರಿದಾದ ಬಟ್ಟೆ ಚೀಲ ತಂದೆವು. ತಟ್ಟೆಯಲ್ಲಿ ನೋಟು ಕಾಣಿಸುತ್ತದೆ, ನಾಣ್ಯ ಸದ್ದು ಮಾಡುತ್ತದೆ. ಹತ್ತು ರೂಪಾಯಿ ಹಾಕುವ ಅಜ್ಜಿ ಮುಷ್ಟಿ ಮುಚ್ಚಿಕೊಂಡೇ ಹಾಕಬೇಕಾಗುತ್ತದೆ. ಚೀಲದ ತಳಕ್ಕೆ ದಪ್ಪ ಬಟ್ಟೆ ಹೊಲಿಸಿದರೆ ಸದ್ದು ಇರುವುದಿಲ್ಲ. ವಿಶೇಷ ಕಾಣಿಕೆ ಕೊಟ್ಟವರ ಹೆಸರು, ಮೊತ್ತ ಓದುವುದನ್ನು ನಿಲ್ಲಿಸಿದೆವು. ರಸೀದಿ ಮನೆಗೆ ತಲುಪುತ್ತದೆ, ಲೆಕ್ಕ ಪೂರ್ತಿ ಇರುತ್ತದೆ, ಬೋರ್ಡಿನ ಮೇಲೆ ಒಟ್ಟು ಮೊತ್ತ ಮಾತ್ರ. ಚಂದಾ ಬಾಕಿ ಇರುವವರ ಪಟ್ಟಿಯೂ ಬೋರ್ಡಿನಿಂದ ಇಳಿಯಿತು. ಎಣಿಸುವಾಗ ಇಬ್ಬರು ಇರಲೇಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು. ಫ್ಯಾನು, ಮೈಕು, ಬೀರುಗಳ ಮೇಲೆ ‘ಇವರ ಜ್ಞಾಪಕಾರ್ಥ’ ಎಂದು ಬರೆಸುವುದನ್ನು ನಿಲ್ಲಿಸುವುದಕ್ಕೆ ಮಾತ್ರ ವಿರೋಧ ಬಂತು. ಹಳೆಯದನ್ನು ಅಳಿಸಲು ಹೋಗಲಿಲ್ಲ, ಅದರಲ್ಲಿ ಸತ್ತವರ ನೆನಪಿದೆ. ಹೊಸದಕ್ಕೆ ಬರೆಸುವುದಿಲ್ಲ, ಅಷ್ಟೇ. ಮಾರ್ಕನ ಸುವಾರ್ತೆ 12ರಲ್ಲಿ ಎರಡು ಕಾಸು ಹಾಕಿದ ವಿಧವೆಯ ಹೆಸರೂ ಇಲ್ಲ ಎಂದು ಹಿರಿಯರೊಬ್ಬರು ನೆನಪಿಸಿದ ಮೇಲೆ ಆ ಚರ್ಚೆ ತಣ್ಣಗಾಯಿತು.

ಬಹಳ ಕಷ್ಟವಾದದ್ದು ಸುಗ್ಗಿ ಹಬ್ಬದ ಹರಾಜು. ರಾಗಿ ಕೊಯ್ಲು ಮುಗಿದ ಮೇಲೆ ಎಲ್ಲರೂ ಪ್ರಥಮ ಫಲ ತರುತ್ತಾರೆ: ಕುಂಬಳಕಾಯಿ, ಬಾಳೆಗೊನೆ, ಹುಂಜ, ಅವರೆಕಾಯಿ, ಮನೆಯಲ್ಲಿ ಮಾಡಿದ ಕೇಕು. ಆರಾಧನೆಯ ನಂತರ ಒಂದೊಂದನ್ನೇ ಎತ್ತಿ ಹಿಡಿದು ಕೂಗುತ್ತಾರೆ. ಉಳ್ಳವರ ಮನೆಯ ಕೇಕು ಅವರ ಸ್ನೇಹಿತರ ಪೈಪೋಟಿಯಲ್ಲಿ ಸಾವಿರಗಳಿಗೆ ಹೋಗುತ್ತದೆ. ಎರಡು ಮೈಲಿ ನಡೆದು ಮೊರದಲ್ಲಿ ಒಂದು ಸೇರು ರಾಗಿ ತಂದ ಹೆಂಗಸಿನ ಕಾಣಿಕೆ ಬಂದಾಗ ಯಾರೂ ಕೂಗುವುದಿಲ್ಲ. ಕೂಗುವವರು ‘ಯಾರಾದ್ರೂ ತಗೊಳ್ಳಿ, ಮುಗಿಸೋಣ’ ಎಂದು ಇಪ್ಪತ್ತಕ್ಕೋ ಮೂವತ್ತಕ್ಕೋ ಮುಗಿಸುತ್ತಾರೆ, ಹಿಂದಿನಿಂದ ನಗು ಕೇಳುತ್ತದೆ. ಆಕೆ ಅಲ್ಲೇ ಕೂತಿರುತ್ತಾಳೆ. ದೇವರಿಗೆಂದು ತಂದ ರಾಗಿ. ಈ ದೃಶ್ಯವನ್ನು ವರ್ಷ ವರ್ಷ ನೋಡಿಯೂ ನಾವು ಸುಮ್ಮನಿದ್ದೆವು ಎಂಬುದೇ ನನಗೆ ನೋವು.

ಈಗ ಹರಾಜಿಲ್ಲ. ತಂದದ್ದನ್ನೆಲ್ಲ ಹೆಸರಿಲ್ಲದೆ ಒಂದೇ ಬಿಳಿ ಬಟ್ಟೆ ಹಾಸಿದ ಉದ್ದನೆ ಮೇಜಿನ ಮೇಲೆ ಇಡುತ್ತೇವೆ. ಅಂದಿನ ಮಂಡಿ ಬೆಲೆಯನ್ನೇ ದರ ಮಾಡುತ್ತೇವೆ. ಟೊಮೆಟೊಗೆ 15 ಕೆಜಿ ಬಾಕ್ಸಿನ ದರವನ್ನು ಹದಿನೈದರಿಂದ ಭಾಗಿಸಿದರೆ ಕೆಜಿ ದರ ಸಿಕ್ಕಿತು. ರಾಗಿ, ಕಾಳುಗಳನ್ನು ತೂಕಕ್ಕೆ ಹಾಕಿ ಅರ್ಧ ಕೆಜಿ, ಒಂದು ಕೆಜಿ ಪೊಟ್ಟಣ ಕಟ್ಟುತ್ತೇವೆ, ಹಾಗೆ ಮಾಡಿದರೆ ಐವತ್ತು ರೂಪಾಯಿ ಇರುವವರೂ ಏನಾದರೂ ಕೊಳ್ಳಬಹುದು. ಹೆಚ್ಚು ಕೊಡಬೇಕೆನ್ನುವವರು ಹೆಚ್ಚಿನದನ್ನು ಚೀಲಕ್ಕೆ ಹಾಕಲಿ. ಮೊದಲ ವರ್ಷ ಹಣ ಕಡಿಮೆ ಬಂತು, ಮುಚ್ಚುಮರೆ ಇಲ್ಲ. ಅದು ಬರುತ್ತದೆಂದು ತಿಳಿದೇ ಕಟ್ಟಡದ ಬಣ್ಣದ ಕೆಲಸವನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದೆವು. ಇದನ್ನು ಮಾಡಹೊರಟವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಮಾರನೇ ವರ್ಷವೇ ಹರಾಜು ವಾಪಸು ಬರುತ್ತದೆ.

ಪ್ರೀತಿಭೋಜನದಲ್ಲಿ ಆಗುವ ತಪ್ಪು ಬೇರೆ ಥರದ್ದು. ಎಲ್ಲರಿಗೂ ಒಂದೇ ಬಿರಿಯಾನಿ, ಒಂದೇ ಎಲೆ; ಆದರೂ ಮೂರನೇ ಪಂಕ್ತಿಗೆ ಬರುವ ಹೊತ್ತಿಗೆ ಹಂಡೆಯಲ್ಲಿ ಬರೀ ಅನ್ನ. ಮೂರನೇ ಪಂಕ್ತಿಯಲ್ಲಿ ಕೂರುವವರು ಯಾರು? ನೀರು ಹೊತ್ತವರು, ಈರುಳ್ಳಿ ಹೆಚ್ಚಿದವರು, ಎಲೆ ಎತ್ತಿದವರು. ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಮಿತಿಮೀರಿರುತ್ತಾನೆ ಎಂದು ಪೌಲನು ಕೊರಿಂಥದವರಿಗೆ 1 ಕೊರಿಂಥ 11ರಲ್ಲಿ ಬರೆದದ್ದು ಇದನ್ನೇ. ಒಬ್ಬರಿಗೊಬ್ಬರು ಕಾಯಿರಿ ಎಂದದ್ದೂ ಇದಕ್ಕೇ. ನಮ್ಮ ಲೆಕ್ಕ ಹೀಗೆ: 200 ಜನಕ್ಕೆ 22 ಕೆಜಿ ಅಕ್ಕಿ, 24 ಕೆಜಿ ಕೋಳಿ. ಕೆಜಿಗೆ 14 ತುಂಡು ಮಾಡಿಸಿದರೆ 336 ತುಂಡು. ಮೊದಲ ಸುತ್ತಿಗೆ ಎಲೆಗೆ ಒಂದು, ಕೇಳಿದವರಿಗೆ ಎರಡನೇ ಸುತ್ತಿನಲ್ಲಿ ಇನ್ನೊಂದು. ದಮ್ ತೆಗೆದ ಕೂಡಲೇ, ಮೊದಲ ಪಂಕ್ತಿ ಕೂರುವ ಮುಂಚೆಯೇ, ಮೂರನೇ ಒಂದು ಭಾಗವನ್ನು ತುಂಡುಗಳ ಸಮೇತ ಬೇರೆ ಡಬರಿಗೆ ಹಾಕಿ ಮುಚ್ಚಳ ಕಟ್ಟಿ ಇಡುತ್ತೇವೆ. ಅದರ ಸೌಟು ಅಡುಗೆಯವರ ಕೈಯಲ್ಲೇ ಇರುತ್ತದೆ. ಮೊದಲ ಪಂಕ್ತಿಗೆ ಬಡಿಸಿದವರು ಎರಡನೆಯದಕ್ಕೆ ಕೂರುತ್ತಾರೆ, ಉಂಡವರು ಏಳುತ್ತಲೇ ಸೌಟು ಹಿಡಿಯುತ್ತಾರೆ. ಕಮಿಟಿಯವರಿಗೆಂದು ಹಿಂದಿನ ಕೋಣೆಯಲ್ಲಿ ಮೇಜು ಹಾಕುವುದನ್ನು ಪೂರ್ತಿ ಬಿಟ್ಟೆವು. ಹೊರಗಿನಿಂದ ಬಂದ ಅತಿಥಿಗಳಿಗೂ ಪಂಕ್ತಿಯೇ. ನಾವು ಭಯಪಟ್ಟಷ್ಟು ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮನೆಭೇಟಿಗೆ ಈಗ ಬೀದಿವಾರು ಸರದಿ ಇದೆ. ಕಾಯಿಲೆ, ಸಾವು ಬಂದಾಗ ಮಾತ್ರ ಸರದಿ ಮುರಿಯಬಹುದು. ಸಾವಿನ ಮನೆಗೆ ಒಂದೇ ಕ್ರಮ: ಚರ್ಚಿನ ಗಂಟೆ ಹೊಡೆಯುವುದು ಎಲ್ಲರಿಗೂ ಅಷ್ಟೇ ಹೊತ್ತು, ಕನಿಷ್ಠ ಮೂವರು ಹಿರಿಯರು, ಸಭೆಯ ಕಡೆಯಿಂದ ಒಂದೇ ಅಳತೆಯ ಹೂವಿನ ಹಾರ, ಚಂದಾ ಬಾಕಿಯ ಮಾತು ಆ ದಿನ ಎತ್ತಬಾರದು. ಪೆಟ್ಟಿಗೆ, ವಾಹನಕ್ಕೆ ಹಣವಿಲ್ಲದ ಮನೆಗೆ ಸಭೆಯ ನಿಧಿಯಿಂದ ಹೋಗುತ್ತದೆ, ಅದು ಖಜಾಂಚಿಗೆ ಮತ್ತು ಅಯ್ಯನವರಿಗೆ ಮಾತ್ರ ಗೊತ್ತಿರುತ್ತದೆ. ಕಂಬಳಿ ಹಂಚಿ ಫೋಟೊ ತೆಗೆಯುವುದನ್ನೂ ನಿಲ್ಲಿಸಿದ್ದೇವೆ. ಕಂಬಳಿ ಬೇಕಾದವರ ಮುಖ ಗುಂಪಿನ ವಾಟ್ಸಾಪಿಗೆ ಹೋಗಬೇಕಾಗಿಲ್ಲ.

ಕಮಿಟಿ ಸಭೆಯನ್ನು ವಾರದ ದಿನ ಬೆಳಿಗ್ಗೆ ಕರೆದರೆ ಕೂಲಿಯವರು ಬರಲಾಗುವುದಿಲ್ಲ, ಬಂದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಭಾನುವಾರ ಆರಾಧನೆ ಮುಗಿದ ಕೂಡಲೇ, ಒಂದು ಗಂಟೆ, ಅಷ್ಟೇ. ಲೆಕ್ಕಪತ್ರ ಹಂಚಿದ ಮೇಲೂ ಗಟ್ಟಿಯಾಗಿ ಓದುತ್ತೇವೆ, ಓದು ಬಾರದವರು ಕೇಳಲು ನಾಚಬಾರದೆಂದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಯಾಜಕಕಾಂಡ 19:15 ನ್ಯಾಯ ತೀರಿಸುವಾಗ ಬಡವನ ಮುಖವನ್ನೂ ನೋಡಬೇಡ, ದೊಡ್ಡವನ ಮುಖವನ್ನೂ ನೋಡಬೇಡ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಬದಲಾವಣೆಯ ಹುಮ್ಮಸ್ಸಿನಲ್ಲಿ ಕೆಲವರು ಉಳ್ಳವರನ್ನು ಚುಚ್ಚಿ ಮಾತಾಡಲು ಶುರುಮಾಡಿದರು. ಒಂದು ಮನೆಯ ಕಾರಿನ ಬಗ್ಗೆ ಪ್ರಾರ್ಥನೆಯಲ್ಲೇ ಮಾತು ಬಂತು. ಅದೂ ಮುಖ ನೋಡಿದ ಹಾಗೆಯೇ. ಇಬ್ಬರ ನಡುವೆ ಜಗಳ ಬಂದಾಗ, ಇವನು ಬಡವ ಆದ್ದರಿಂದ ಇವನದೇ ಸರಿ ಎಂದು ತೀರ್ಮಾನ ಕೊಡುವಂತಿಲ್ಲ; ಇಬ್ಬರನ್ನೂ ಕೂರಿಸಿ ಕೇಳಲೇಬೇಕು.

ಕೊನೆಗೆ ನಮ್ಮ ಕಣ್ಣಿಗೆ ಬಿದ್ದದ್ದು ಗಂಟೆ ಹೊಡೆಯುವವರು. ಬಾಗಿಲು ತೆಗೆದು, ಬೆಂಚು ಒರೆಸಿ, ನೀರು ತುಂಬಿ, ಆರಾಧನೆ ಪೂರ್ತಿ ಅವರು ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿರುತ್ತಿದ್ದರು, ಯಾರಾದರೂ ಕರೆದರೆ ಓಡಬೇಕಲ್ಲ. ‘ಅಲ್ಲೇ ನಿಂತ್ಕೋ’ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನೋಟುಬುಕ್ಕಿನ ಮೂರು ಕಾಲಮ್ಮಿನಲ್ಲೂ ಅವರು ಇರಲಿಲ್ಲ, ಏಕೆಂದರೆ ಅವರನ್ನು ‘ಬಂದವರು’ ಎಂದು ನಾವು ಎಣಿಸಿಯೇ ಇರಲಿಲ್ಲ. ಈಗ ವರಾಂಡದ ಕೆಲಸ ವಾರಕ್ಕೊಬ್ಬ ಕಮಿಟಿ ಸದಸ್ಯರದು. ಗಂಟೆ ಹೊಡೆಯುವವರ ಸಂಬಳ ಪ್ರತಿ ತಿಂಗಳು 1ನೇ ತಾರೀಖಿಗೆ ಸಂದಾಯ, ಸೋಮವಾರ ರಜೆ, ಎರಡೂ ನಿರ್ಣಯ ಪುಸ್ತಕದಲ್ಲಿ ಬರೆದಿದೆ. ಮೊದಲನೇ ಗಂಟೆ ಹೊಡೆದು ಕೈ ತೊಳೆದುಕೊಂಡು ಅವರು ಒಳಗೆ ಬರುತ್ತಾರೆ, ಬಲಗಡೆಯ ಮೂರನೇ ಬೆಂಚಿನಲ್ಲಿ ಹೆಂಡತಿ ಮಕ್ಕಳ ಪಕ್ಕ ಕೂರುತ್ತಾರೆ.