ಬೆನ್ನು ಒತ್ತಿ ನೋಡಿ ಚಾಕು ಕೊಳ್ಳಿ

ಹೋದ ವಾರ ದಾವಣಗೆರೆಯಿಂದ ತಂಗಿಯ ಮಗ ಫೋನ್ ಮಾಡಿದ್ದ. ಕಾಲೇಜಿನ ಗೆಳೆಯರೆಲ್ಲ ಸೇರಿ ಕೊಂಡಜ್ಜಿ ಕಡೆ ಎರಡು ದಿನ ಕ್ಯಾಂಪ್ ಹಾಕುತ್ತಾರಂತೆ. "ದೊಡ್ಡಮ್ಮ, ಒಂದು ಒಳ್ಳೇ ಮಡಚೋ ಚಾಕು ತಗೋಬೇಕು. ಆನ್‌ಲೈನ್‌ನಲ್ಲಿ ನೋಡಿ ನೋಡಿ ತಲೆ ಕೆಟ್ಟೋಯ್ತು, ಯಾವುದು ತಗಳ್ಲಿ ನೀನೇ ಹೇಳು" ಅಂದ. ಅವನು ಕಳಿಸಿದ ಫೋಟೊ ನೋಡಿದೆ. ಒಂದರ ಹಿಡಿ ಮೇಲೆ ತಲೆಬುರುಡೆ ಚಿತ್ರ, ಒಂದಕ್ಕೆ ಗುಂಡಿ ಒತ್ತಿದರೆ ಅಲಗು ಚಿಮ್ಮುವ ಸ್ಪ್ರಿಂಗು, ಇನ್ನೊಂದು ಅರ್ಧ ಚಾಕು, ಅರ್ಧ ಗರಗಸ. ಮೂರೂ ಬೇಡ ಅಂದೆ. ಚಿತ್ರದುರ್ಗದ ಹೊಲದಲ್ಲಿ ಈರುಳ್ಳಿ, ಶೇಂಗಾ, ದಾಳಿಂಬೆ ಅಂತ ಮೂವತ್ತು ವರ್ಷ ಕಳೆದವಳು ನಾನು. ಮನೆಯ ಬೀಗದ ಕೈ ಮತ್ತು ಚಾಕು, ಇವೆರಡೂ ಕೈಚೀಲದಲ್ಲಿ ಇಲ್ಲದೆ ಹೊಸ್ತಿಲು ದಾಟಿದ್ದೇ ಕಡಿಮೆ. ಅವನಿಗೆ ಹೇಳಿದ್ದು ಬೇರೆಯವರಿಗೂ ಆಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಲಾಕ್, ಅಂದರೆ ಬಿಚ್ಚಿದ ಅಲಗು ತಾನಾಗಿ ಮಡಚದಂತೆ ಹಿಡಿಯುವ ಏರ್ಪಾಡು. ನನ್ನ ಮೊದಲ ಚಾಕು ಜಾತ್ರೆಯಲ್ಲಿ ಕೊಂಡದ್ದು. ಹಿತ್ತಾಳೆ ಹಿಡಿ, ನೋಡೋಕೆ ಚೆಂದ, ಆದರೆ ಲಾಕ್ ಇರಲಿಲ್ಲ. ದಾಳಿಂಬೆ ಸಾಲಿಗೆ ಹನಿ ನೀರಾವರಿ ಪೈಪು ಎಳೆಯುವ ದಿನ ಅದರ ಮೊನೆಯಿಂದಲೇ ಪೈಪಿಗೆ ತೂತು ಮಾಡಲು ಹೋದೆ. ಮೊನೆ ಪೈಪಿಗೆ ಕಚ್ಚಿಕೊಂಡು ನಿಂತಿತು, ನನ್ನ ಕೈ ಮುಂದಕ್ಕೆ ಒತ್ತುತ್ತಲೇ ಇತ್ತು, ಅಲಗು ಸರಕ್ಕನೆ ಮಡಚಿ ತೋರುಬೆರಳಿನ ಮೇಲೆ ಬಿತ್ತು. ನಾಲ್ಕು ಹೊಲಿಗೆ. ಮಾಗಿ ಚಳಿಯಲ್ಲಿ ಆ ಬೆರಳು ಇವತ್ತಿಗೂ ಜೋಮು ಹಿಡಿಯುತ್ತದೆ. ಕೊಯ್ಯುವಾಗ ಭಾರ ಬಾಯಿಯ ಮೇಲೆ ಬೀಳುತ್ತದೆ, ಆಗ ಚಾಕು ಮಡಚುವುದಿಲ್ಲ. ಚುಚ್ಚುವಾಗ, ತಿರುವಿ ಕೊರೆಯುವಾಗ ಭಾರ ಬೆನ್ನಿನ ಕಡೆ ತಿರುಗುತ್ತದೆ. ಕ್ಯಾಂಪಿನಲ್ಲಿ ಇಂಥ ಕೆಲಸವೇ ಹೆಚ್ಚು.

ಲಾಕ್‌ಗಳಲ್ಲಿ ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಹೇಳುವುದು ಎರಡೇ. ಒಂದು ಬಳೆ ಲಾಕ್. ಫ್ರಾನ್ಸಿನ ಒಪಿನೆಲ್ ಅನ್ನುವ ಮರದ ಹಿಡಿಯ ಚಾಕು 1890ರಿಂದ ಇದೆ. 1955ರಲ್ಲಿ ಅದರ ಕುತ್ತಿಗೆಗೆ ತಿರುಗುವ ಲೋಹದ ಬಳೆ ಹಾಕಿದರು. ಅಲಗು ಬಿಚ್ಚಿ ಬಳೆ ತಿರುಗಿಸಿದರೆ ಮಡಚುವ ದಾರಿಯೇ ಮುಚ್ಚುತ್ತದೆ. ಕಣ್ಣಿಗೆ ಕಾಣುವ ಲಾಕ್, ಹಾಕಿದ್ದೀನೋ ಇಲ್ಲವೋ ಅನ್ನುವ ಅನುಮಾನವೇ ಇರುವುದಿಲ್ಲ. ಅದರ 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, ಮೊದಲ ಚಾಕುವಿಗೆ ಅಷ್ಟು ಧಾರಾಳ ಸಾಕು. ಇನ್ನೊಂದು, ಹಿಡಿಯ ಬೆನ್ನಿನಲ್ಲಿ ಪಟ್ಟಿ ಒತ್ತಿ ಬಿಡಿಸುವ ಲಾಕ್. ಅಲಗಿನ ಬುಡಕ್ಕೆ ಒಳಗಿನಿಂದ ತಗಡು ಬಂದು ಆನಿಸಿಕೊಳ್ಳುವ ಲೈನರ್ ಲಾಕ್ ಕೂಡ ಒಳ್ಳೆಯದೇ, ಆದರೆ ಮಡಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಕೈ ಪಳಗಿದ ಮೇಲೆ ಅದನ್ನು ಕೊಳ್ಳಬಹುದು.

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಬಗ್ಗೆ ಹುಡುಗ ಕೇಳಿದ. 1884ರಲ್ಲಿ ಶುರುವಾದ ಕಂಪನಿ. ಕಟ್ಟಿದವನ ತಾಯಿ ವಿಕ್ಟೋರಿಯಾ, ಅವಳ ಹೆಸರಿಗೆ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರು ಇನಾಕ್ಸ್ ಸೇರಿಸಿ ಇಟ್ಟ ಹೆಸರಂತೆ. ಕತ್ತರಿ, ಡಬ್ಬಿ ತೆಗೆಯುವ ಕೊಕ್ಕೆ, ಚಿಮಟ, ಎಲ್ಲಾ ಒಂದರಲ್ಲೇ ಸಿಗುತ್ತವೆ, ಪ್ರಯಾಣಕ್ಕೆ ಬಲು ಅನುಕೂಲ. ಆದರೆ ಅದರ, ಮಡಚಿದಾಗ 91 ಮಿಲಿಮೀಟರ್ ಉದ್ದವಿರುವ ಮಾದರಿಗಳ ಅಲಗಿಗೆ ಲಾಕ್ ಇಲ್ಲ, ಸ್ಪ್ರಿಂಗಿನ ಬಿಗಿ ಮಾತ್ರ. ಹಣ್ಣು ಹೆಚ್ಚಲಿಕ್ಕೆ, ದಾರ ಕತ್ತರಿಸಲಿಕ್ಕೆ ತಗೊಳ್ಳಿ, ಚುಚ್ಚುವ ಕೆಲಸಕ್ಕೆ ಮಾತ್ರ ಬೇಡ.

ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಅಲಗು ಬಿಚ್ಚಿ, ಲಾಕ್ ಹಾಕಿ, ಎಡಬಲಕ್ಕೆ ಅಲ್ಲಾಡಿಸಿ. ಲಟಲಟ ಅಂದರೆ ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಬೆರಳುಗಳನ್ನೆಲ್ಲ ಅಲಗು ಮಡಚುವ ದಾರಿಯಿಂದ ಆಚೆ ಇಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಬಡಿಯುವುದು ಬೇಡ, ಒತ್ತಿದರೆ ಸಾಕು. ಲಾಕ್ ಜಾರುವಂಥದ್ದಾದರೆ ಅಲ್ಲೇ ಜಾರುತ್ತದೆ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರಬೇಕು, ಒಂದು ಬದಿಗೆ ಒರಗಿ ಉಜ್ಜಬಾರದು. ಮುಷ್ಟಿಯಲ್ಲಿ ಹಿಡಿದಾಗ ನಾಲ್ಕೂ ಬೆರಳಿಗೆ ಜಾಗ ಸಿಗಬೇಕು. ಅಲಗು ತೆಳುವಾಗಿದ್ದಷ್ಟೂ ಒಳ್ಳೆಯದು. ಎರಡು ಮಿಲಿಮೀಟರ್ ಆಸುಪಾಸಿನದು ಟೊಮೆಟೊ ಹೋಳನ್ನು ಕೊಯ್ಯುತ್ತದೆ, ನಾಲ್ಕು ಮಿಲಿಮೀಟರಿನದು ಈರುಳ್ಳಿಯನ್ನು ಸೀಳುತ್ತದೆ. ದಪ್ಪ ಚಾಕು ಬೇಕು ಅನ್ನುವವರು ಕಟ್ಟಿಗೆ ಒಡೆಯುವ ಯೋಚನೆಯಲ್ಲಿರುತ್ತಾರೆ. ಅದಕ್ಕೆ ಮಚ್ಚು ಇದೆ, ಕೊಡಲಿ ಇದೆ. ಮಡಚುವ ಚಾಕುವಿನ ಬೆನ್ನಿಗೆ ಕಲ್ಲಿನಿಂದ ಹೊಡೆದು ಸೌದೆ ಸೀಳಿದರೆ ಅಲಗು ತಿರುಗುವ ಮೊಳೆ ಸಡಿಲವಾಗಿ ಚಾಕು ಕೆಡುತ್ತದೆ.

ಇನ್ನು ಉಕ್ಕು. ಅಮ್ಮನ ಈಳಿಗೆ ನೆನಪು ಮಾಡಿಕೊಳ್ಳಿ. ಹುಣಸೆಕಾಯಿ, ಮಾವಿನಕಾಯಿ ಹೆಚ್ಚಿದ ಮೇಲೆ ಕಪ್ಪಗಾಗುತ್ತಿತ್ತು, ತೊಳೆದು ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ಆದರೆ ಕಲ್ಲಿಗೆ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ಅದು ಕಾರ್ಬನ್ ಸ್ಟೀಲಿನ ಗುಣ. ಕಪ್ಪು ಬಣ್ಣಕ್ಕೆ ಹೆದರಬೇಕಿಲ್ಲ, ಅದು ಉಕ್ಕನ್ನು ಕಾಯುತ್ತದೆ. ಕೆಂಪು ಕಂಡರೆ ಉಜ್ಜಿ ತೆಗೆಯಿರಿ. ಚಾಕುವನ್ನು ಚೀಲದಲ್ಲಿ ಒದ್ದೆಯಾಗಿ ಮರೆತುಬಿಡುವ ಹುಡುಗರಿಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ. ಸ್ವೀಡನ್ನಿನ 12ಸಿ27 ಅಥವಾ 14ಸಿ28ಎನ್ ಅಂತ ಉಕ್ಕಿನ ಹೆಸರು ಬರೆದಿದ್ದರೆ ಕಣ್ಣುಮುಚ್ಚಿ ತಗೊಳ್ಳಬಹುದು. ಗಡಸುತನಕ್ಕೆ ರಾಕ್ವೆಲ್ ಅಂತ ಒಂದು ಅಳತೆ ಇದೆ. 56ರಿಂದ 58ರ ಸುತ್ತ ಇದ್ದರೆ ಹರಿತವೂ ನಿಲ್ಲುತ್ತದೆ, ಮನೆಯ ಕಲ್ಲಿಗೂ ಬಗ್ಗುತ್ತದೆ. 60 ದಾಟಿದ ಅಲಗು ಬಹಳ ದಿನ ಹರಿತವಾಗಿರುತ್ತದೆ, ಆದರೆ ಮೊಂಡಾದರೆ ಹೊಸಬರ ಕೈಗೆ ಮಸೆಯಲು ಬಗ್ಗುವುದಿಲ್ಲ. ಉಕ್ಕಿನ ಹೆಸರನ್ನೇ ಹೇಳದೆ ಬರೀ ಅಲೆಅಲೆ ಚಿತ್ತಾರ ತೋರಿಸುವ ಅಗ್ಗದ ಚಾಕುಗಳ ಹತ್ತಿರ ಹೋಗಬೇಡಿ. ಆ ಅಲೆ ಎಷ್ಟೋ ಸಲ ಮೇಲಿಂದ ಅಚ್ಚೊತ್ತಿದ್ದಾಗಿರುತ್ತದೆ.

ಗರಗಸದ ಹಲ್ಲು ಬೇಡ ಅಂದದ್ದೂ ಮಸೆಯುವ ಸಲುವಾಗಿಯೇ. ಮನೆಯಲ್ಲಿ ಮಸೆಯಲಾಗದ ಚಾಕು ಕೊಂಡರೆ ವರ್ಷದೊಳಗೆ ಡ್ರಾಯರ್ ಸೇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಒಂದು ಬದಿ ನಯ ಇರುವ ಸಾಣೆಕಲ್ಲು ಸಿಗುತ್ತದೆ, ಚಾಕುವಿನ ಜೊತೆಗೇ ಕೊಳ್ಳಿ. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ, ಅರ್ಧ ಬಗ್ಗಿಸಿದರೆ 45, ಮತ್ತೆ ಅರ್ಧ ಬಗ್ಗಿಸಿದರೆ 22ರ ಹತ್ತಿರ. ಅಲ್ಲಿಂದ ಒಂದು ಚೂರು ಕೆಳಗೆ ಇಳಿಸಿ ಅದೇ ಓರೆಯಲ್ಲಿ ಕೈ ನಿಲ್ಲಿಸಿ. ನೀರು ಹಾಕುತ್ತಾ, ಬುಡದಿಂದ ಮೊನೆಯವರೆಗೆ ಒಂದೇ ಬದಿಯನ್ನು ಎಳೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಆಚೆ ಬದಿಯ ಅಂಚಿನಲ್ಲಿ ಕೂದಲೆಳೆಯಂಥ ತರಿ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಅಡ್ಡಡ್ಡ ಸವರಿದರೆ ಗೊತ್ತಾಗುತ್ತದೆ. ಬಾಯಿಯ ಉದ್ದಕ್ಕೆ ಎಂದೂ ಸವರಬೇಡಿ. ತರಿ ಬುಡದಿಂದ ಮೊನೆಯವರೆಗೂ ಎದ್ದ ಮೇಲೆಯೇ ಬದಿ ಬದಲಿಸಬೇಕು. ಬಹಳ ಜನ ಇಲ್ಲೇ ಆತುರಪಟ್ಟು, ಎರಡು ಎಳೆತಕ್ಕೆ ಬದಿ ಬದಲಿಸಿ, ಕಲ್ಲು ಸರಿಯಿಲ್ಲ ಅನ್ನುತ್ತಾರೆ. ಕೊನೆಗೆ ನಯ ಬದಿಯಲ್ಲಿ ಹಗುರವಾಗಿ ಎಳೆದು, ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಸವರಿ. ಪೇಪರ್ ಹಾಳೆ ಸರ್ರನೆ ಸೀಳಿದರೆ ಕೆಲಸ ಮುಗಿಯಿತು. ಅಲಗಿಗೆ, ಮೊಳೆಗೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ಹಾಕಿದರೆ ಆ ಚಾಕುವಿನಲ್ಲಿ ಹಣ್ಣು ಹೆಚ್ಚಿ ತಿನ್ನಲೂ ಅಡ್ಡಿಯಿಲ್ಲ. ಮರದ ಹಿಡಿ ಸೂಳೆಕೆರೆ ದಂಡೆಯಲ್ಲೋ ಮಳೆಯಲ್ಲೋ ನೆನೆದರೆ ಉಬ್ಬಿ ಅಲಗು ಹೊರಬರುವುದಿಲ್ಲ. ಉಗುರು ಮುರಿದುಕೊಳ್ಳಬೇಡಿ, ಹಿಡಿಯ ತುದಿಯನ್ನು ಮರದ ಹಲಗೆಗೆ ತಟ್ಟಿದರೆ ಅಲಗು ತಾನಾಗಿ ಇಣುಕುತ್ತದೆ.

ಇನ್ನು ಕಾನೂನಿನ ಮಾತು. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಮನೆಗೆಲಸ, ಹೊಲಗೆಲಸಕ್ಕೆ ಮಾಡಿದ್ದು ಬಿಟ್ಟು, ಆಯುಧಗಳ ಸಾಲಿಗೆ ಸೇರಿಸಿವೆ. ನಾನು ಹೇಳುವ ಚಾಕುವಿನ ಅಲಗು ಮೂರೂವರೆ ಇಂಚು ದಾಟುವುದಿಲ್ಲ. ಹಾಗಂತ ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿ ತೋರಿಸಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಜೋಗಿಮಟ್ಟಿ ಕಾಡಿಗೆ ಹೋದವರು ಹಸಿ ಕೊಂಬೆ ಕಡಿಯಬೇಡಿ. ನಮ್ಮ ಕೋಟೆಯ ಬಂಡೆಗಳ ಮೇಲೆ ಹೆಸರು ಕೆತ್ತಿದ್ದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, 1958ರ ಸ್ಮಾರಕಗಳ ಕಾಯಿದೆಯಲ್ಲಿ ಅದು ಶಿಕ್ಷೆಯಾಗುವ ಅಪರಾಧವೂ ಹೌದು.

ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ನೆಲಕ್ಕಿಟ್ಟು ತಗೋಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಜಗಳ ಬರುತ್ತದೆ ಅನ್ನೋದು ಅವರ ನಂಬಿಕೆ. ನಾನು ಬೆರಳು ಉಳಿಯಲಿ ಅಂತ ಅದನ್ನೇ ಪಾಲಿಸುತ್ತೇನೆ: ಮೊದಲು ಮಡಚುವುದು, ಆಮೇಲೆ ಕೆಳಗಿಡುವುದು. ಹುಡುಗನಿಗೆ ಭಾನುವಾರ ಬಾ ಅಂದಿದ್ದೇನೆ. ಅಡುಗೆಮನೆಯಲ್ಲಿ ಮೊಂಡಾದ ಹಳೇ ಚಾಕು ಎರಡಿವೆ, ಕಲ್ಲಿನ ಮೇಲೆ ಅವನ್ನು ಮಸೆದು ಕೈ ಪಳಗಿಸಿಕೊಳ್ಳಲಿ, ಆಮೇಲೆ ಇಬ್ಬರೂ ಅಂಗಡಿಗೆ ಹೋಗುತ್ತೇವೆ.