ಯೋಕ್ ಕೊಳ್ಳುವ ಮುನ್ನ, ಯೋಕ್ ಕೈಕೊಟ್ಟಾಗ

ರನ್‌ವೇ ಎದುರಿಗಿದೆ. ವೇಗ ಸರಿಯಿದೆ. ಆದರೂ ವಿಮಾನದ ಮೂಗು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕುಣಿಯುತ್ತಿದೆ. ಸ್ವಲ್ಪ ಎಳೆದರೆ ಏನೂ ಆಗುವುದಿಲ್ಲ. ಇನ್ನೂ ಸ್ವಲ್ಪ ಎಳೆದರೆ ಒಮ್ಮೆಲೇ ಜಾಸ್ತಿ ಆಗಿಬಿಡುತ್ತದೆ. ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾರಿಸುವ ಎಷ್ಟೋ ಜನ ಇದು ತಮ್ಮ ಕೈಯ ತಪ್ಪು ಎಂದುಕೊಂಡು ಸುಮ್ನೆ ಬೇಸರ ಪಡುತ್ತಾರೆ. ತಪ್ಪು ಹಲವು ಸಲ ಯೋಕ್‌ನದ್ದು. ಕೆಲವು ಸಲ ಯೋಕ್‌ನದ್ದೂ ಅಲ್ಲ, ಸೆಟ್ಟಿಂಗ್‌ನದ್ದು.

ಯೋಕ್ ಅಂದರೆ ಪೈಲಟ್ ಎದುರಿಗಿರುವ ಎರಡು ಕೊಂಬಿನ ಹಿಡಿ. ತಿರುಗಿಸಿದರೆ ರೆಕ್ಕೆ ವಾಲುತ್ತದೆ, ಎಳೆದರೆ ಮೂಗು ಏಳುತ್ತದೆ, ತಳ್ಳಿದರೆ ಇಳಿಯುತ್ತದೆ. ಇದನ್ನು ಆರಿಸುವಾಗಲೂ ರಿಪೇರಿ ಮಾಡುವಾಗಲೂ ಮೊದಲು ನೋಡಬೇಕಾದದ್ದು ಅದರ ನಡುಭಾಗ. ಕೈ ಬಿಟ್ಟಾಗ ಯೋಕ್ ನಿಲ್ಲುವ ಜಾಗ, ಅದರ ಅಕ್ಕಪಕ್ಕದ ಒಂದೆರಡು ಸೆಂಟಿಮೀಟರ್. ಹಾರಾಟದ ಬಹುಪಾಲು ನಡೆಯುವುದು ಅಷ್ಟರಲ್ಲೇ. ಪೂರ್ತಿ ತಿರುಗಿಸುವ, ಪೂರ್ತಿ ಎಳೆಯುವ ಸಂದರ್ಭ ಬರುವುದೇ ಅಪರೂಪ.

ನೀವು ಹಾರಿಸುವ ವಿಮಾನ ಯಾವುದು?

ಖರೀದಿಯ ಮೊದಲ ಹೆಜ್ಜೆ ಇದು. ಸೆಸ್ನಾ 172ರಂಥ ಸಣ್ಣ ವಿಮಾನಗಳಲ್ಲಿ, ಬೋಯಿಂಗ್ 737, 777, 787ಗಳಲ್ಲಿ ಯೋಕ್ ಇದೆ. ಏರ್‌ಬಸ್ ಎ320 ಮತ್ತು ಅದರ ನಂತರ ಬಂದ ಏರ್‌ಬಸ್ ವಿಮಾನಗಳಲ್ಲಿ ಇರುವುದು ಸೈಡ್‌ಸ್ಟಿಕ್, ಅಂದರೆ ಪಕ್ಕದಲ್ಲಿರುವ ಜಾಯ್‌ಸ್ಟಿಕ್‌ನಂಥ ಹಿಡಿ. ನಿಮ್ಮ ಸಮಯವೆಲ್ಲ ಎ320ಯಲ್ಲೇ ಕಳೆಯುತ್ತಿದ್ದರೆ ಯೋಕ್ ಕೊಳ್ಳಬೇಡಿ, ಒಳ್ಳೆಯ ಜಾಯ್‌ಸ್ಟಿಕ್ ಸಾಕು. ಯುದ್ಧ ವಿಮಾನ, ಹೆಲಿಕಾಪ್ಟರ್‌ಗಳ ಹುಚ್ಚು ಇರುವವರಿಗೂ ಇದೇ ಮಾತು.

ಯೋಕ್‌ಗಳಲ್ಲೂ ಎರಡು ಬಗೆ. ಸೆಸ್ನಾದಲ್ಲಿ ಯೋಕ್‌ನ ಶಾಫ್ಟ್ ಎದುರಿನ ಪ್ಯಾನೆಲ್‌ನೊಳಗೆ ಜಾರುತ್ತದೆ. ಬೋಯಿಂಗ್‌ನಲ್ಲಿ ನೆಲದಿಂದ ಎದ್ದ ಕಂಬವೇ ಹಿಂದೆ ಮುಂದೆ ವಾಲುತ್ತದೆ. ಮನೆಗೆ ಸಿಗುವ ಯೋಕ್‌ಗಳಲ್ಲಿ ಹೆಚ್ಚಿನವು ಮೊದಲ ಬಗೆಯವು. ಥ್ರಸ್ಟ್‌ಮಾಸ್ಟರ್‌ನ ಟಿಸಿಎ ಬೋಯಿಂಗ್ ಯೋಕ್‌ನಲ್ಲಿ ಶಾಫ್ಟ್ ಜಾರುವ ಬದಲು ತೋಳೊಂದು ತೂಗುತ್ತದೆ. ದೊಡ್ಡ ಬೋಯಿಂಗ್‌ಗಳೇ ನಿಮ್ಮ ಇಷ್ಟವಾದರೆ ಈ ರಚನೆ ಕೈಗೆ ಹತ್ತಿರ ಅನಿಸುತ್ತದೆ.

ಎರಡು ಬೆರಳಿನ ಪರೀಕ್ಷೆ

ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಯೋಕ್ ಮುಟ್ಟಿ ನೋಡುವ ಅವಕಾಶ ಸಿಕ್ಕರೆ ಬಟನ್‌ಗಳನ್ನು ಆಮೇಲೆ ನೋಡಿ. ಮೊದಲು ಎರಡೇ ಬೆರಳಲ್ಲಿ ಹಿಡಿಯಿರಿ. ನಿಧಾನವಾಗಿ, ತೀರಾ ಸ್ವಲ್ಪ ಎಳೆಯಿರಿ. ತಕ್ಷಣ ಬಂತಾ? ಅಥವಾ ಮೊದಲು ಅಂಟಿಕೊಂಡು, ಆಮೇಲೆ ಜಿಗಿದು ಬಂತಾ? ಮಳೆಗಾಲದಲ್ಲಿ ಉಬ್ಬಿದ ಮರದ ಡ್ರಾಯರ್ ಹೀಗೇ ಮಾಡುತ್ತದೆ. ಎಳೆದರೆ ಬರುವುದಿಲ್ಲ, ಜೋರಾಗಿ ಎಳೆದರೆ ಪೂರ್ತಿ ಹೊರಗೆ ಬರುತ್ತದೆ. ಯೋಕ್ ಹೀಗೆ ಜಿಗಿದರೆ ಲ್ಯಾಂಡಿಂಗ್‌ನಲ್ಲಿ ಬೇಕಾದದ್ದಕ್ಕಿಂತ ಜಾಸ್ತಿ ಎಳೆಯುತ್ತೀರಿ. ಅದನ್ನು ಸರಿಪಡಿಸಲು ತಳ್ಳುತ್ತೀರಿ, ಅದೂ ಜಾಸ್ತಿ ಆಗುತ್ತದೆ. ಮೂಗಿನ ಕುಣಿತ ಶುರುವಾಗುವುದೇ ಇಲ್ಲಿ.

ಈಗ ಯೋಕ್ ಅನ್ನು ಅರ್ಧ ತಿರುಗಿಸಿ, ಹಾಗೇ ಹಿಡಿದುಕೊಂಡು ಎಳೆಯಿರಿ. ನೇರವಾಗಿದ್ದಾಗ ನುಣುಪಾಗಿ ಬರುವ ಕೆಲವು ಯೋಕ್‌ಗಳು ತಿರುಗಿಸಿದಾಗ ಒರಟಾಗುತ್ತವೆ. ತಿರುವಿನಲ್ಲಿ ಎತ್ತರ ಕಾಯ್ದುಕೊಳ್ಳಲು ಬೇಕಾಗುವ ಚಲನೆಯೇ ಇದು, ಹಾಗಾಗಿ ಈ ಒರಟುತನವನ್ನು ಸಣ್ಣದು ಅಂತ ಬಿಡಬೇಡಿ. ಕೊನೆಗೆ ಕೈ ಬಿಡಿ. ಎಡದಿಂದ ಬಿಟ್ಟರೂ ಬಲದಿಂದ ಬಿಟ್ಟರೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು.

ಕೆಲವು ಯೋಕ್‌ಗಳಿಗೆ ನಡುವಿನಲ್ಲಿ ‘ಟಕ್’ ಎಂದು ಕೂರುವ ಒಂದು ಹಳ್ಳ ಇರುತ್ತದೆ. ನಡು ಎಲ್ಲಿದೆ ಎಂದು ಕೈಗೆ ತಿಳಿಯಲಿ ಎಂಬುದು ಅದರ ಉದ್ದೇಶ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅತಿ ಸಣ್ಣ ಚಲನೆ ಬೇಕಾದ ಜಾಗದಲ್ಲೇ ಅತಿ ಜಾಸ್ತಿ ಬಲ ಕೇಳುತ್ತದೆ.

ಒಳಗಿರುವ ಸೆನ್ಸರ್

ಯೋಕ್ ಎಷ್ಟು ತಿರುಗಿದೆ ಎಂದು ಕಂಪ್ಯೂಟರ್‌ಗೆ ಹೇಳುವ ಭಾಗ ಇದು. ಹಳೆಯ ಬಗೆ ಪೊಟೆನ್ಶಿಯೋಮೀಟರ್. ಅದರಲ್ಲಿ ಇಂಗಾಲ ಲೇಪಿಸಿದ ಪಟ್ಟಿಯ ಮೇಲೆ ಲೋಹದ ಕಡ್ಡಿಯೊಂದು ಉಜ್ಜುತ್ತಾ ಓಡಾಡುತ್ತದೆ. ಉಜ್ಜಿದ್ದು ಸವೆಯಲೇಬೇಕು, ಅಲ್ವಾ? ಜಾಸ್ತಿ ಸವೆಯುವುದು ಜಾಸ್ತಿ ಬಳಕೆಯಾಗುವ ಜಾಗ, ಅಂದರೆ ನಡುಭಾಗವೇ. ಹಾಲ್ ಸೆನ್ಸರ್‌ನಲ್ಲಿ ಉಜ್ಜುವ ಭಾಗವಿಲ್ಲ. ಅಯಸ್ಕಾಂತ ಸರಿದಾಗ ಕಾಂತಕ್ಷೇತ್ರ ಬದಲಾಗುತ್ತದೆ, ಸೆನ್ಸರ್ ಅದನ್ನು ಅಳೆಯುತ್ತದೆ. ಹಾಗಾಗಿ ದಿನವೂ ಹಾರಿಸುವವರು ಹಾಲ್ ಸೆನ್ಸರ್ ಇರುವುದನ್ನೇ ಕೊಳ್ಳುವುದು ಒಳ್ಳೆಯದು.

ಮೊದಲು ಸೈಟೆಕ್ ಹೆಸರಿನಲ್ಲಿದ್ದು ಈಗ ಲಾಜಿಟೆಕ್ ಹೆಸರಿನಲ್ಲಿ ಬರುವ ಯೋಕ್ ಪೊಟೆನ್ಶಿಯೋಮೀಟರ್ ಬಗೆಯದು. ಹನಿಕೋಂಬ್ ಆಲ್ಫಾ, ಟರ್ಟಲ್ ಬೀಚ್ ವೆಲಾಸಿಟಿವನ್, ಮೇಲೆ ಹೇಳಿದ ಥ್ರಸ್ಟ್‌ಮಾಸ್ಟರ್ ಇವೆಲ್ಲ ಹಾಲ್ ಸೆನ್ಸರ್ ಬಳಸುತ್ತವೆ. ತಿರುಗುವ ಅಳತೆಯೂ ಬೇರೆ ಬೇರೆ. ಲಾಜಿಟೆಕ್ ಈ ತುದಿಯಿಂದ ಆ ತುದಿಗೆ ಸುಮಾರು 90 ಡಿಗ್ರಿ, ಥ್ರಸ್ಟ್‌ಮಾಸ್ಟರ್ 150, ಆಲ್ಫಾ ಮತ್ತು ವೆಲಾಸಿಟಿವನ್ 180. ತಿರುಗುವ ಅಳತೆ ಜಾಸ್ತಿ ಇದ್ದಷ್ಟೂ ಸಣ್ಣ ತಿದ್ದುಪಡಿ ಮಾಡಲು ಕೈಗೆ ಜಾಗ ಜಾಸ್ತಿ.

ಎಕ್ಸ್‌ಬಾಕ್ಸ್‌ನಲ್ಲಿ ಹಾರಿಸುವವರು ಪೆಟ್ಟಿಗೆಯ ಮೇಲೆ ಆ ಹೆಸರು ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ. ಕಂಪ್ಯೂಟರ್‌ಗೆ ನಡೆಯುವುದೆಲ್ಲ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು. ಯೋಕ್‌ಗೆ ಇರುವುದು ಎರಡೇ ಮುಖ್ಯ ಚಲನೆ. ಬಾಲದ ರಡ್ಡರ್ (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಪಟ್ಟಿ) ಆಡಿಸುವ ಕೆಲಸ ಕಾಲಿನದ್ದು. ಕೈಯಲ್ಲಿರುವ ಹಣವನ್ನೆಲ್ಲ ದುಬಾರಿ ಯೋಕ್‌ಗೆ ಸುರಿಯುವುದಕ್ಕಿಂತ ಮಧ್ಯಮ ದರ್ಜೆಯ ಯೋಕ್ ಜೊತೆಗೆ ರಡ್ಡರ್ ಪೆಡಲ್ ಕೊಂಡರೆ ಹಾರಾಟ ನಿಜಕ್ಕೂ ಬದಲಾಗುತ್ತದೆ. ಅಡ್ಡಗಾಳಿಯಲ್ಲಿ ಒಮ್ಮೆ ಇಳಿದು ನೋಡಿ, ಗೊತ್ತಾಗುತ್ತದೆ.

ಕೂರಿಸುವುದು

ಯೋಕ್ ಬಿಗಿಯುವ ಮೊದಲು ಮೇಜಿನ ಹಲಗೆಯ ದಪ್ಪ ಅಳೆಯಿರಿ, ಕ್ಲ್ಯಾಂಪ್‌ಗೆ ಒಂದು ಮಿತಿ ಇರುತ್ತದೆ. ಹಿಡಿದಾಗ ಮೊಣಕೈ ಸಡಿಲವಾಗಿ ಪಕ್ಕಕ್ಕೆ ಇಳಿದಿರಬೇಕು. ಭುಜ ಮೇಲೇರಿದರೆ ಮೇಜು ಎತ್ತರವಾಯಿತು ಎಂದರ್ಥ. ಯೋಕ್ ಎಳೆದಾಗ ಮೇಜೇ ಅಲ್ಲಾಡಿದರೆ ನಡುಭಾಗದ ನುಣುಪೆಲ್ಲ ವ್ಯರ್ಥ.

ಸಿಮ್ (ಅಂದರೆ ಸಿಮ್ಯುಲೇಟರ್) ತೆರೆದ ಮೇಲೆ ವಿಮಾನವನ್ನು ಹೊರಗಿನಿಂದ ನೋಡುವ ಕ್ಯಾಮೆರಾ ಹಾಕಿ. ಎಡಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಆಡುವ ಪಟ್ಟಿ) ಮೇಲೇಳಬೇಕು, ಬಲದ್ದು ಕೆಳಗಿಳಿಯಬೇಕು. ಯೋಕ್ ಎಳೆದರೆ ಬಾಲದಲ್ಲಿರುವ ಎಲಿವೇಟರ್ ಎಂಬ ಅಡ್ಡ ಪಟ್ಟಿಯ ಹಿಂಬದಿ ಮೇಲೇಳಬೇಕು. ಉಲ್ಟಾ ಆಗಿದ್ದರೆ ಆ ಆಕ್ಸಿಸ್‌ಗೆ (ಆ ಚಲನೆಗೆ) ‘ರಿವರ್ಸ್’ ಕೊಡಿ.

ಆಮೇಲೆ ಸೆನ್ಸಿಟಿವಿಟಿ, ಅಂದರೆ ಯೋಕ್ ಆಡಿಸಿದಷ್ಟಕ್ಕೆ ವಿಮಾನ ಎಷ್ಟು ಸ್ಪಂದಿಸುತ್ತದೆ ಎಂಬುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆನ್ಸಿಟಿವಿಟಿಯನ್ನು ಸೊನ್ನೆಗಿಂತ ಕೆಳಗೆ ಇಳಿಸಿದರೆ ನಡುವಿನ ಚಲನೆ ಮೆದುವಾಗುತ್ತದೆ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್‌ನಲ್ಲೂ ಪ್ರತಿ ಆಕ್ಸಿಸ್‌ಗೆ ಇಂಥದ್ದೇ ಕರ್ವ್ ಇದೆ. ಕಡಿಮೆ ತಿರುಗುವ ಯೋಕ್‌ಗೆ ಇದು ತುಂಬಾ ಸಹಾಯ. ಆದರೆ ಅತಿ ಮಾಡಬೇಡಿ. ನಡುವಿನಲ್ಲಿ ಮೆದು ಮಾಡಿದಷ್ಟನ್ನೂ ತುದಿಯಲ್ಲಿ ಗಡುಸಾಗಿ ವಾಪಸ್ ಕೊಡಬೇಕಾಗುತ್ತದೆ. ರನ್‌ವೇ ಮುಟ್ಟುವ ಕ್ಷಣದಲ್ಲಿ ಆಳವಾಗಿ ಎಳೆಯುವಾಗ ಮೂಗು ಒಮ್ಮೆಲೇ ಎದ್ದುಬಿಡಬಹುದು. 180 ಡಿಗ್ರಿ ತಿರುಗುವ ಯೋಕ್ ಆದರೆ ಕರ್ವ್ ಅನ್ನು ನೇರವಾಗಿಯೇ ಬಿಟ್ಟು ಶುರು ಮಾಡಿ.

ಡೆಡ್ ಝೋನ್ ಅಂದರೆ ನಡುವಿನಲ್ಲಿ ಸಿಮ್ ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗ. ಅದನ್ನು ಸೊನ್ನೆಯಿಂದ ಶುರು ಮಾಡಿ, ಕೈ ಬಿಟ್ಟಾಗ ವಿಮಾನ ವಾಲುವುದು ನಿಲ್ಲುವವರೆಗೆ ಮಾತ್ರ ಹೆಚ್ಚಿಸಿ. ಶೇಕಡಾ 5ಕ್ಕಿಂತ ಜಾಸ್ತಿ ಬೇಕಾಯಿತು ಅಂದರೆ ಯೋಕ್‌ನಲ್ಲೇ ಏನೋ ತೊಂದರೆ ಇದೆ.

ಹೊಸಬರಿಗೆ ತುಂಬಾ ಗೊಂದಲ ಮಾಡುವುದು ಟ್ರಿಮ್. ನಿಜವಾದ ಸೆಸ್ನಾದಲ್ಲಿ ಯೋಕ್ ಅನ್ನು ಬೇಕಾದ ಜಾಗದಲ್ಲಿ ಹಿಡಿದು ಟ್ರಿಮ್ ಚಕ್ರ ತಿರುಗಿಸಿದರೆ ಕೈಯ ಮೇಲಿನ ಒತ್ತಡ ಕರಗುತ್ತದೆ, ಯೋಕ್ ಅಲ್ಲೇ ನಿಲ್ಲುತ್ತದೆ. ಮನೆಯ ಯೋಕ್‌ನ ಸ್ಪ್ರಿಂಗ್‌ಗೆ ಟ್ರಿಮ್ ಎಂಬುದೇ ತಿಳಿಯದು. ಅದು ಯಾವಾಗಲೂ ಒಂದೇ ನಡುವಿಗೆ ಎಳೆಯುತ್ತದೆ. ಆದ್ದರಿಂದ ಟ್ರಿಮ್ ಸ್ವಲ್ಪ ಕೊಟ್ಟು, ಅಷ್ಟೇ ಪ್ರಮಾಣದಲ್ಲಿ ಕೈ ಸಡಿಲಿಸಿ, ಮತ್ತೆ ಸ್ವಲ್ಪ ಕೊಟ್ಟು, ಹೀಗೆ ಯೋಕ್ ನಡುವಿಗೆ ಬರುವ ತನಕ ಮಾಡಬೇಕು. ಮೊದಲು ವೇಗ ಮತ್ತು ಎಂಜಿನ್ ಶಕ್ತಿ ಸ್ಥಿರವಾಗಲಿ, ಆಮೇಲೆ ಟ್ರಿಮ್. ಫೋರ್ಸ್ ಫೀಡ್‌ಬ್ಯಾಕ್ ಇರುವ, ಮೋಟಾರ್ ಕೂರಿಸಿದ ಯೋಕ್‌ಗಳು ಈ ಕೊರತೆಯನ್ನು ನೀಗಿಸುತ್ತವೆ. ಅವುಗಳ ಬೆಲೆ ಮಾತ್ರ ಬೇರೆಯೇ ಮಟ್ಟದ್ದು.

ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಸಿಮ್ ಮುಚ್ಚಿ. ಹುಡುಕಾಟ ಶುರುವಾಗಬೇಕಾದದ್ದು ಸಿಮ್‌ನ ಹೊರಗೆ. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಯುಎಸ್‌ಬಿ ಗೇಮ್ ಕಂಟ್ರೋಲರ್ ಎಂದು ಹುಡುಕಿದರೆ ಪುಟ್ಟ ಕಿಟಕಿ ತೆರೆಯುತ್ತದೆ. ಯೋಕ್ ಆರಿಸಿ ‘ಪ್ರಾಪರ್ಟೀಸ್’ ಒತ್ತಿ. ಚೌಕದೊಳಗೆ ಒಂದು ಗುರುತು ಕಾಣುತ್ತದೆ. ಯೋಕ್ ಆಡಿಸಿದಂತೆ ಅದು ಓಡಾಡಬೇಕು. ಇಲ್ಲಿ ಎಲ್ಲ ನುಣುಪಾಗಿದ್ದರೆ ಯೋಕ್ ಚೆನ್ನಾಗಿದೆ, ತೊಂದರೆ ಸಿಮ್‌ನೊಳಗಿದೆ. ಇಲ್ಲೇ ಗುರುತು ನಡುಗುತ್ತಿದ್ದರೆ ಸಿಮ್‌ನ ಸೆಟ್ಟಿಂಗ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ. ಈ ಒಂದು ಪರೀಕ್ಷೆ ಗಂಟೆಗಟ್ಟಲೆ ಸಮಯ ಉಳಿಸುತ್ತದೆ, ದಯವಿಟ್ಟು ಬಿಡಬೇಡಿ.

ಯೋಕ್ ಪಟ್ಟಿಯಲ್ಲೇ ಇಲ್ಲ, ಅಥವಾ ಹಾರುತ್ತಿರುವಾಗ ಮಾಯವಾಗಿ ಮತ್ತೆ ಬರುತ್ತದೆ ಎಂದರೆ ಯುಎಸ್‌ಬಿ ಕಡೆ ನೋಡಿ. ಹಬ್ ಬಿಟ್ಟು ನೇರ ಕಂಪ್ಯೂಟರ್‌ಗೆ ಚುಚ್ಚಿ. ಯೋಕ್, ಥ್ರಾಟಲ್, ಪೆಡಲ್ ಎಲ್ಲ ಇದ್ದು ಹಬ್ ಬೇಕೇ ಬೇಕಾದರೆ ಸ್ವಂತ ಅಡಾಪ್ಟರ್ ಇರುವ ಹಬ್ ಬಳಸಿ. ವಿದ್ಯುತ್ ಉಳಿಸಲು ವಿಂಡೋಸ್ ಯುಎಸ್‌ಬಿ ಪೋರ್ಟ್‌ಗಳನ್ನು ಮಲಗಿಸುವುದೂ ಉಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಯುಎಸ್‌ಬಿ ರೂಟ್ ಹಬ್’ ತೆರೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿರುವ ಟಿಕ್ ತೆಗೆಯಿರಿ.

ಗುರುತು ನಡುಗುತ್ತಿದ್ದರೆ ಯಾವಾಗ ನಡುಗುತ್ತದೆ ಎಂದು ಗಮನಿಸಿ. ಪ್ರತಿ ಸಲ ಒಂದೇ ಜಾಗದಲ್ಲಿ ಜಿಗಿದರೆ ಪೊಟೆನ್ಶಿಯೋಮೀಟರ್ ಸವೆದಿದೆ, ಇಲ್ಲವೇ ಅಲ್ಲಿ ಧೂಳು ಕೂತಿದೆ. ಕೇಬಲ್ ಅಲ್ಲಾಡಿಸಿದಾಗ ಜಿಗಿದರೆ ಒಳಗಿನ ತಂತಿ ತುಂಡಾಗಿರಬಹುದು. ನಡುಗುವುದಿಲ್ಲ, ಆದರೆ ಗುರುತು ನಡುವಿಗೆ ಬರುವುದೇ ಇಲ್ಲ ಎಂದರೆ ಕ್ಯಾಲಿಬ್ರೇಶನ್ (ನಡು, ತುದಿ ಎಲ್ಲಿ ಎಂದು ಕಂಪ್ಯೂಟರ್‌ಗೆ ತಿಳಿಸುವ ಹೊಂದಾಣಿಕೆ) ಕೆಟ್ಟಿದೆ. ಅದೇ ಕಿಟಕಿಯಲ್ಲಿ ‘ರೀಸೆಟ್ ಟು ಡೀಫಾಲ್ಟ್’ ಒತ್ತಿ, ಕೇಬಲ್ ತೆಗೆದು, ಯೋಕ್ ಮುಟ್ಟದೆ ಮತ್ತೆ ಚುಚ್ಚಿ. ತಯಾರಕರು ತಮ್ಮದೇ ಕ್ಯಾಲಿಬ್ರೇಶನ್ ವಿಧಾನ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಎಕ್ಸ್-ಪ್ಲೇನ್ ತನ್ನದೇ ಕ್ಯಾಲಿಬ್ರೇಶನ್ ಕೇಳುತ್ತದೆ. ಪ್ರತಿ ಆಕ್ಸಿಸ್ ಅನ್ನೂ ಎರಡೂ ತುದಿ ಮುಟ್ಟಿಸಿ, ಆಮೇಲೆ ನಡುವಿನಲ್ಲಿ ಬಿಡಿ.

ಯೋಕ್ ಚೆನ್ನಾಗಿದೆ, ಸಿಮ್‌ನಲ್ಲಿ ಮಾತ್ರ ಹುಚ್ಚಾಟ ಎಂದರೆ ಮೊದಲ ಅನುಮಾನ ಡಬಲ್ ಬೈಂಡಿಂಗ್ ಮೇಲೆ. ಹೊಸ ಸಾಧನ ಚುಚ್ಚಿದಾಗಲೆಲ್ಲ ಸಿಮ್ ತಾನಾಗಿಯೇ ಅದಕ್ಕೆ ಕೆಲಸ ಹಂಚಿಬಿಡುತ್ತದೆ. ಮೂಲೆಯಲ್ಲಿ ಬಿದ್ದಿರುವ ಗೇಮ್‌ಪ್ಯಾಡ್‌ನ ಕಡ್ಡಿಗೂ ಏಲೆರಾನ್ ಕೆಲಸ ಸಿಕ್ಕಿದ್ದರೆ ಇಬ್ಬರು ಪೈಲಟ್‌ಗಳು ಜಗಳ ಆಡಿದಂತೆಯೇ. ಕಂಟ್ರೋಲ್ ಪಟ್ಟಿಯಲ್ಲಿ ಪ್ರತಿ ಸಾಧನವನ್ನೂ ತೆರೆದು, ಯೋಕ್ ಬಿಟ್ಟು ಉಳಿದ ಎಲ್ಲದರಿಂದ ಏಲೆರಾನ್ ಮತ್ತು ಎಲಿವೇಟರ್ ಅಳಿಸಿ.

ಯೋಕ್‌ನದ್ದೂ ಅಲ್ಲದ, ಸೆಟ್ಟಿಂಗ್‌ನದ್ದೂ ಅಲ್ಲದ ದೂರುಗಳೂ ಇವೆ. ಟೇಕಾಫ್‌ನಲ್ಲಿ ವಿಮಾನ ಎಡಕ್ಕೆ ಎಳೆಯುತ್ತದೆಯೇ? ಸೆಸ್ನಾದಂಥ ಒಂದೇ ಪ್ರೊಪೆಲರ್‌ನ ವಿಮಾನ ಪೂರ್ತಿ ಶಕ್ತಿಯಲ್ಲಿ ಎಡಕ್ಕೆ ಎಳೆಯುವುದು ಸಹಜ. ಅದಕ್ಕೆ ಮದ್ದು ಬಲಗಾಲಿನ ರಡ್ಡರ್ ಪೆಡಲ್. ದೂರ ಹಾರಿದ ಮೇಲೆ ನಿಧಾನವಾಗಿ ಒಂದು ಕಡೆ ವಾಲತೊಡಗಿದರೆ ಇಂಧನ ನೋಡಿ. ಸೆಸ್ನಾ 172ರಲ್ಲಿ ಒಂದೇ ರೆಕ್ಕೆಯ ಟ್ಯಾಂಕ್ ಆರಿಸಿಟ್ಟಿದ್ದರೆ ಆ ರೆಕ್ಕೆ ಹಗುರವಾಗುತ್ತಾ ಹೋಗುತ್ತದೆ. ಯೋಕ್‌ಗೆ ವಿಮಾನ ಜಗ್ಗುವುದೇ ಇಲ್ಲ ಎಂದರೆ ಆಟೋಪೈಲಟ್ ಆನ್ ಇರಬಹುದು. ನಿಂತಿರುವ ಎ320, 777ನಂಥ ವಿಮಾನದಲ್ಲಿ ಹೈಡ್ರಾಲಿಕ್ ಒತ್ತಡ ಬರುವವರೆಗೆ ಏಲೆರಾನ್‌ಗಳು ಅಲುಗುವುದಿಲ್ಲ. ಅದು ಸಿಮ್ ಸರಿಯಾಗಿ ಕೆಲಸ ಮಾಡುತ್ತಿರುವುದರ ಲಕ್ಷಣ.

ಕೊನೆಯದಾಗಿ ಬಿಚ್ಚುವ ಪ್ರಶ್ನೆ. ವಾರಂಟಿ ಇದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ತೊಂದರೆಯ ವಿಡಿಯೋ ತೆಗೆದು ಮಾರಿದವರಿಗೆ ಕಳಿಸಿ. ಅದರಲ್ಲಿ ವಿಂಡೋಸ್‌ನ ಆ ಚೌಕದ ಗುರುತೂ ನಿಮ್ಮ ಕೈಯೂ ಒಟ್ಟಿಗೆ ಕಾಣಲಿ, ಆಗ ವಾದಕ್ಕೆ ಜಾಗ ಇರುವುದಿಲ್ಲ. ವಾರಂಟಿ ಮುಗಿದಿದ್ದರೆ ಕೇಬಲ್ ತೆಗೆದು, ಪ್ರತಿ ಹಂತದಲ್ಲೂ ಫೋಟೋ ತೆಗೆಯುತ್ತಾ ಬಿಚ್ಚಿ. ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡಿಯದಂತೆ ಎಚ್ಚರ. ಪೊಟೆನ್ಶಿಯೋಮೀಟರ್‌ಗೆ ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ತುದಿಯಿಂದ ತುದಿಗೆ ಹಲವು ಸಲ ಆಡಿಸಿ, ಪೂರ್ತಿ ಒಣಗಲು ಬಿಡಿ. ಶಾಫ್ಟ್ ಒರಟಾಗಿದ್ದರೆ ಹಳೆಯ ಜಿಡ್ಡು ಒರೆಸಿ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಅನ್ನು ತೆಳುವಾಗಿ ಹಚ್ಚಿ. ಸಿಕ್ಕಿದ ಎಣ್ಣೆ ಹಾಕಬೇಡಿ. ಮುಚ್ಚಳ ಬಿಗಿಯುವ ಮೊದಲು ಮತ್ತೊಮ್ಮೆ ಎರಡು ಬೆರಳಲ್ಲಿ ಎಳೆದು ನೋಡಿ. ಜಿಗಿತ ಹೋಗಿದ್ದರೆ ಸರಿ. ಸ್ವಚ್ಛ ಮಾಡಿದರೂ ಗುರುತು ಅದೇ ಜಾಗದಲ್ಲಿ ಜಿಗಿಯುತ್ತಿದ್ದರೆ ಆ ಪೊಟೆನ್ಶಿಯೋಮೀಟರ್ ಬದಲಿಸಲೇಬೇಕು. ಅದರ ಮೈಮೇಲೆ ಬರೆದಿರುವ ಅಂಕಿಗಳನ್ನು ಗುರುತು ಹಾಕಿಕೊಂಡು, ಅದೇ ಮೌಲ್ಯದ, ಅದೇ ಅಳತೆಯ ಶಾಫ್ಟ್ ಇರುವುದನ್ನು ತನ್ನಿ.