ಅಜ್ಜಿ ಹೇಳಿದ್ದಕ್ಕೆ ಇಸವಿ ಕೂಡಿಸುವುದು ಹೇಗೆ

“ನಿಮ್ಮ ಕಾಲ ಹೇಗಿತ್ತು?” ಎಂದು ಕೇಳಿದರೆ “ಏನಿತ್ತಪ್ಪ, ಕಷ್ಟ ಇತ್ತು” ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಮನೆತನದ ಕಥೆ ಬರೆದಿಡಲು ಹೊರಟವರು ಮೊದಲು ಒಂದು ದೊಡ್ಡ ಹಾಳೆ, ಪೆನ್ಸಿಲ್ ತೆಗೆದುಕೊಂಡು ಹಳೆಯ ಮನೆಯ ನಕ್ಷೆ ಬಿಡಿಸಲು ಕೂರಬೇಕು. ಜಗಲಿ ಎಲ್ಲಿ, ನಡುಮನೆ ಎಲ್ಲಿ, ಬಚ್ಚಲು ಯಾವ ಮೂಲೆಗೆ, ಕೊಟ್ಟಿಗೆಗೆ ಬಾಗಿಲು ಎತ್ತ? ಗೆರೆ ತಪ್ಪಾದರೆ ಇನ್ನೂ ಒಳ್ಳೆಯದು, ತಿದ್ದುವ ನೆಪದಲ್ಲಿ ಹಿರಿಯರ ಬಾಯಿ ಬಿಚ್ಚುತ್ತದೆ. ಆಮೇಲೆ ಒಂದೊಂದು ಕೋಣೆ ಹಿಡಿದು ಕೇಳಿ: ಇಲ್ಲಿ ಯಾರು ಮಲಗುತ್ತಿದ್ದರು, ಮೊದಲ ಪಂಕ್ತಿ ಯಾರದು, ಕೊನೆಗೆ ಉಣ್ಣುತ್ತಿದ್ದವರು ಯಾರು, ಸೌದೆ ಎಲ್ಲಿಂದ ಬರುತ್ತಿತ್ತು, ಬಾಣಂತಿ ಕೋಣೆ ಯಾವುದು, ಅಟ್ಟದ ಮೇಲೆ ಏನಿತ್ತು?

ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಅನುಮತಿ ಕೇಳಿಯೇ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ, ಮಡಚಿದ ಟವೆಲಿನ ಮೇಲೆ ಮಾತನಾಡುವವರಿಂದ ಒಂದು ಮೊಳ ದೂರದಲ್ಲಿರಲಿ. ಫ್ಯಾನ್ ನಿಲ್ಲಿಸಿ. ಕೇಳುವಾಗ ಗಮನಕ್ಕೇ ಬಾರದ ಫ್ಯಾನಿನ ಸದ್ದು ಮುದ್ರಣದಲ್ಲಿ ಮಾತನ್ನೇ ನುಂಗುತ್ತದೆ. ಶುರುವಿನಲ್ಲಿ ತಾರೀಖು, ಊರು, ಅಲ್ಲಿರುವವರ ಹೆಸರು ನೀವೇ ಹೇಳಿ. ಒಂದು ಸಲಕ್ಕೆ 40 ನಿಮಿಷ ಸಾಕು. ನಾಲ್ಕು ಜನ ಸುತ್ತ ಕೂತು “ಅದು ಹಾಗಲ್ಲ” ಎನ್ನುತ್ತಿದ್ದರೆ ಹಿರಿಯರು ಸುಮ್ಮನಾಗುತ್ತಾರೆ, ಆದ್ದರಿಂದ ಮೊದಲ ಸುತ್ತು ಒಬ್ಬೊಬ್ಬರ ಜೊತೆಗೇ ಆಗಲಿ.

ಇಸವಿ ಹಿಡಿಯುವುದು ಎಲ್ಲಕ್ಕಿಂತ ತೊಡಕಿನ ಕೆಲಸ. “ಯಾವ ಇಸವಿ?” ಎಂದು ಕೇಳಲೇಬೇಡಿ. ಒತ್ತಾಯಕ್ಕೆ ಹೇಳಿದ ಸಂಖ್ಯೆ ಐದು-ಹತ್ತು ವರ್ಷ ಆಚೀಚೆ ಇರುತ್ತದೆ, ಒಮ್ಮೆ ಬಾಯಿಂದ ಬಂದ ಮೇಲೆ ಅವರೂ ಅದನ್ನೇ ನಂಬಿಬಿಡುತ್ತಾರೆ. ಊರಿಗೆಲ್ಲ ಗೊತ್ತಿರುವ ಘಟನೆಗೆ ತಗಲಿಸಿ ಕೇಳಿ: ಅದಕ್ಕೆ ಮುಂಚೆಯೋ, ಆಮೇಲೋ? ಹಳೇ ಮೈಸೂರಿನ ಕಡೆ 1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು, ಕಲಬುರಗಿ-ಬೀದರ್-ರಾಯಚೂರು ಕಡೆ ರಜಾಕಾರರ ಗಲಾಟೆ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಶರಾವತಿ ಕೊಳ್ಳದಲ್ಲಿ 1964ರ ಲಿಂಗನಮಕ್ಕಿ ಮುಳುಗಡೆ, ಗೇಣಿ ಜಮೀನಿದ್ದ ಮನೆಗಳಲ್ಲಿ 1974ರ ಭೂಸುಧಾರಣೆಯ ಡಿಕ್ಲರೇಷನ್ (ಉಳುವ ಜಮೀನು ತನಗೆ ಸೇರಬೇಕೆಂದು ಗೇಣಿದಾರ ಕೊಟ್ಟ ಅರ್ಜಿ). ಗಾಂಧೀಜಿ ಹೋದ ಸುದ್ದಿ (1948, ಜನವರಿ 30) ಮಾತ್ರ ಎಲ್ಲ ಕಡೆಗೂ ಒದಗುತ್ತದೆ.

ಹೆಂಗಸರ ನೆನಪಿಗೆ ಇದಕ್ಕಿಂತ ಗಟ್ಟಿಯಾದ ಅಳತೆ ಮಕ್ಕಳು. “ಆಗ ದೊಡ್ಡವನು ಅಂಬೆಗಾಲಿಡುತ್ತಿದ್ದನಾ, ಸ್ಲೇಟು ಹಿಡಿದಿದ್ದನಾ?” ಎಂದರೆ ಉತ್ತರ ತಡವಿಲ್ಲದೆ ಬರುತ್ತದೆ, ಅಂತರ ಹೆಚ್ಚೆಂದರೆ ಒಂದು ವರ್ಷ. ದುಡ್ಡಿನ ಮಾತು ಅಷ್ಟು ನಂಬಿಕೆಯದಲ್ಲ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು ನಿಜ, ಆದರೆ 25 ಪೈಸೆಯನ್ನು ನಾಲ್ಕಾಣೆ, 50 ಪೈಸೆಯನ್ನು ಎಂಟಾಣೆ ಎನ್ನುವುದು ಎಷ್ಟೋ ವರ್ಷ ನಡೆಯಿತು. ಆಣೆ ಎಂದ ಮಾತ್ರಕ್ಕೆ ಅದು 1957ರ ಹಿಂದಿನದಾಗುವುದಿಲ್ಲ.

ಜಾತಕ ಸಿಕ್ಕಿದರೆ ಅರ್ಧ ಗೆದ್ದಂತೆ. ಅದರಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಇರುತ್ತವೆ. ಸಂವತ್ಸರಗಳು 60, ಪ್ರಭವ 1927-28ರಲ್ಲಿ ಬಂದು ಮತ್ತೆ 1987-88ರಲ್ಲಿ ಬಂತು. ಪಟ್ಟಿಯಲ್ಲಿ ನಿಮ್ಮ ಸಂವತ್ಸರ ಎಷ್ಟನೆಯದೋ ಅದರಲ್ಲಿ ಒಂದು ಕಳೆದು 1927ಕ್ಕೆ ಕೂಡಿಸಿ. ಸರ್ವಧಾರಿ 22ನೆಯದು, 1927ಕ್ಕೆ 21 ಕೂಡಿಸಿದರೆ 1948-49. 60 ವರ್ಷದ ಸುತ್ತು ಯಾವುದು ಎಂಬ ಅನುಮಾನ ವಯಸ್ಸು ನೋಡಿದರೆ ತೀರುತ್ತದೆ. ಶಾಲಿವಾಹನ ಶಕೆ ಬರೆದಿದ್ದರೆ 78 ಕೂಡಿಸಿ.

ಎಡವುವುದು ಎರಡು ಕಡೆ. ವರ್ಷ ಬದಲಾಗುವುದು ಯುಗಾದಿಗೆ, ಹಾಗಾಗಿ ಸರ್ವಧಾರಿಯ ಮಾಘದಲ್ಲಿ ಹುಟ್ಟಿದವರು 1949ರವರು, 1948ರವರಲ್ಲ. ಶಕೆಯ ಲೆಕ್ಕದಲ್ಲೂ ಜನವರಿಯಿಂದ ಯುಗಾದಿಯವರೆಗೆ 78ರ ಬದಲು 79 ಕೂಡಿಸಬೇಕು. (ಕರಾವಳಿಯ ಸೌರಮಾನದ ಜಾತಕದಲ್ಲಿ ವರ್ಷ ತಿರುಗುವುದು ಏಪ್ರಿಲ್ ನಡುವಿನ ಬಿಸುವಿಗೆ.) ಎರಡನೆಯದು ದಿನದ್ದು: ಪಂಚಾಂಗದ ವಾರ ಸೂರ್ಯೋದಯಕ್ಕೆ ಶುರು. ರಾತ್ರಿ ಎರಡು ಗಂಟೆಗೆ ಹುಟ್ಟಿದ ಮಗುವಿಗೆ ಸೋಮವಾರ ಎಂದಿದ್ದರೆ ಕ್ಯಾಲೆಂಡರಿನಲ್ಲಿ ಅದು ಮಂಗಳವಾರ. ಆ ವರ್ಷದ ಪಂಚಾಂಗದಲ್ಲಿ ಮಾಸ, ತಿಥಿ ನೋಡಿ ಹಿಡಿದ ತಾರೀಖಿಗೂ ಜಾತಕದ ವಾರಕ್ಕೂ ಹೊಂದಾಣಿಕೆಯಾದರೆ ಇಸವಿ ಸರಿಯಿದೆ ಎಂದು ಧೈರ್ಯವಾಗಿ ಬರೆದುಕೊಳ್ಳಿ.

ಶಾಲೆಯ ಟಿ.ಸಿ.ಯಲ್ಲಿರುವ ಹುಟ್ಟಿದ ದಿನವನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಸೇರಿಸುವ ದಿನ ಮೇಷ್ಟ್ರು ವಯಸ್ಸಿಗೆ ಹೊಂದುವಂತೆ ಜೂನ್ 1 ಎಂದು ಬರೆದುಕೊಂಡ ಮಕ್ಕಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಮೂವರು ಅಣ್ಣತಮ್ಮಂದಿರಿಗೂ ಜೂನ್ 1 ಎಂದಿದ್ದರೆ ಅದು ಮೇಷ್ಟ್ರ ಕೈಚಳಕವೇ.

ಜಮೀನಿದ್ದ ಮನೆಯಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. ಊರು, ಹೋಬಳಿ, ಸರ್ವೆ ನಂಬರ್ ಬರೆದು ಕೈಬರಹದ ಹಳೆಯ ಪಹಣಿ, ಮ್ಯುಟೇಷನ್ ರಿಜಿಸ್ಟರಿನ ನಕಲಿಗೆ ಅರ್ಜಿ ಕೊಡಿ. ಫೌತಿ ಖಾತೆಯ ನಮೂದಿನಲ್ಲಿ ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂಬುದಿರುತ್ತದೆ. ಆದರೆ ಖಾತೆ ಬದಲಾದ ದಿನ ಸತ್ತ ದಿನವಲ್ಲ, ಎಷ್ಟೋ ಮನೆಗಳಲ್ಲಿ ಫೌತಿ ಮಾಡಿಸಿದ್ದೇ ಹತ್ತಾರು ವರ್ಷದ ಮೇಲೆ. ಮುಂಬೈ ಪ್ರಾಂತ್ಯದಲ್ಲಿದ್ದ ಊರುಗಳ ಹಳೆಯ ಕಾಗದ ಮೋಡಿ ಲಿಪಿಯಲ್ಲೂ (ಮರಾಠಿಯ ಹಳೆಯ ಕೂಡುಬರಹ), ನಿಜಾಮರ ಕಡೆಯದು ಉರ್ದುವಿನಲ್ಲೂ ಇರಬಹುದು, ಓದಿಸುವ ಮುಂಚೆ ಪೂರ್ತಿ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಪಾಲಿನ ವ್ಯಾಜ್ಯ ನಡೆಯುತ್ತಿರುವ ಮನೆಯಲ್ಲಿ ಈ ಕೆಲಸ ಕೊನೆಗಿರಲಿ. ಪಹಣಿ ಕೇಳುವವರು ಇತಿಹಾಸಕ್ಕಾಗಿ ಕೇಳುತ್ತಾರೆಂದು ಯಾರೂ ನಂಬುವುದಿಲ್ಲ. ನಾಡಕಚೇರಿ ಕೊಡುವ ವಂಶವೃಕ್ಷದ ಪತ್ರ ವಾರಸುದಾರಿಕೆಗೆ ಮಾಡಿದ್ದು, ಅದನ್ನೇ ಮನೆತನದ ಚರಿತ್ರೆ ಎಂದುಕೊಳ್ಳಬೇಡಿ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿಯ ಹೊತ್ತಿಗೆ ಬರುವ ಹೆಳವರು ಹೇಳುವ ವಂಶಾವಳಿ, ಶ್ರಾದ್ಧದಲ್ಲಿ ಹೇಳುವ ತಂದೆ, ಅಜ್ಜ, ಮುತ್ತಜ್ಜರ ಹೆಸರು, ಇವೆರಡನ್ನೂ ಬರೆದುಕೊಳ್ಳಿ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ‘ಬರಿ’ (ಗೋತ್ರದಂಥ ಕುಲದ ಹೆಸರು) ತಾಯಿಯ ಕಡೆಯಿಂದ ಇಳಿಯುತ್ತದೆ, ಅಲ್ಲಿ ಪಟ್ಟಿ ತಾಯಿಯಿಂದಲೇ ಶುರುವಾಗಲಿ. ಉಳಿದ ಕಡೆ ಕಾಗದದಲ್ಲೂ ಬಾಯಲ್ಲೂ ಉಳಿಯುವುದು ಹೆಚ್ಚಾಗಿ ಗಂಡಸರ ಸಾಲು. ಆದ್ದರಿಂದ ಮನೆಗೆ ಬಂದ ಪ್ರತಿ ಸೊಸೆಗೂ ತವರೂರು, ಹುಟ್ಟುಹೆಸರು, ತಾಯಿಯ ಹೆಸರು ಕೇಳಿ ಬರೆಯಿರಿ, ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇದ್ದಲ್ಲಿ ಹಳೆಯ ಹೆಸರು ಒಂದೇ ತಲೆಮಾರಿನಲ್ಲಿ ಅಳಿಸಿಹೋಗುತ್ತದೆ. “ಎಷ್ಟು ಮಕ್ಕಳು?” ಎಂದರೆ ಬದುಕಿದವರ ಲೆಕ್ಕ ಬರುತ್ತದೆ, “ಎಷ್ಟು ಹೆರಿಗೆ?” ಎಂದರೆ ಬೇರೆಯೇ ಸಂಖ್ಯೆ. ಇದನ್ನು ಒಬ್ಬರೇ ಇರುವಾಗ, ಒಂದೇ ಸಲ ಕೇಳಿ. ಹೇಳದಿದ್ದರೆ ಬಿಟ್ಟುಬಿಡಿ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟ ಮನೆತನದಲ್ಲಿ ಮರದ ಚಿತ್ರ ಬಿಡಿಸಿದರೆ ಕೊಂಬೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಅಜ್ಜನ ಹೆಸರೇ ಮೊಮ್ಮಗನಿಗೂ ಇರುವುದರಿಂದ ಹೆಸರಿನಿಂದ ಗುರುತಿಸುವುದೂ ಕೆಲಸಕ್ಕೆ ಬಾರದು. ಎಕ್ಸೆಲ್ ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಹೆಸರು, ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ, ಗಂಡ ಅಥವಾ ಹೆಂಡತಿಯ ಸಂಖ್ಯೆ ಎಂದು ಅಂಕಣ ಮಾಡಿ. ಸಂಬಂಧ ಎಷ್ಟೇ ಹೆಣೆದುಕೊಂಡಿದ್ದರೂ ಒಬ್ಬರು ಒಂದೇ ಸಾಲಿನಲ್ಲಿರುತ್ತಾರೆ. ಪ್ರತಿ ಇಸವಿಯ ಮುಂದೆ “ದಾಖಲೆ”, “ಲೆಕ್ಕ”, “ಬಾಯಿಮಾತು” ಈ ಮೂರರಲ್ಲಿ ಒಂದನ್ನು ತಪ್ಪದೆ ಬರೆಯಿರಿ.

ಹಳೆಯ ಚಿಕ್ಕ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿಕೊಂಡದ್ದನ್ನು ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ, ಗಾಜಿನ ಮೇಲಿಂದಲೇ ಬೆಳಕು ಬದಿಯಿಂದ ಬೀಳುವಂತೆ ಹಿಡಿದು ತೆಗೆಯಿರಿ. ಲ್ಯಾಮಿನೇಷನ್ ಬೇಡ. ಹಿಂಬದಿಯಲ್ಲಿ ಹೆಸರು ಬರೆಯಲು 2ಬಿ ಪೆನ್ಸಿಲ್, ಬಾಲ್ ಪೆನ್ ಅಲ್ಲ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಬೆರಳಚ್ಚು ಯೂನಿಕೋಡಿನಲ್ಲೇ ಇರಲಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಅಂಥ ಕಡತವಿದ್ದರೆ ಈಗಲೇ ಪರಿವರ್ತಿಸಿಕೊಳ್ಳಿ. ಮೊದಲ ಕರಡಿಗೆ ಅಗಲವಾದ ಅಂಚು ಬಿಟ್ಟು ದೊಡ್ಡಕ್ಷರದಲ್ಲಿ ಎರಡು ಮೂರು ಪ್ರತಿ ಮುದ್ರಿಸಿ, ಮುಂದಿನ ಮದುವೆಗೋ ತಿಥಿಗೋ ಪೆನ್ಸಿಲ್ ಸಮೇತ ಒಯ್ದು ಹಿರಿಯರ ಕೈಗೆ ಕೊಡಿ. ಅಂಚಿನಲ್ಲಿ ಯಾರು ಏನು ತಿದ್ದಿದರೋ ಅವರ ಸಂಖ್ಯೆಯನ್ನು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.